ಸೋತ ಗುರುವಿನ ಸಿಡುಕು

1996ನೆಯ ಇಸವಿಯ ಏಪ್ರಿಲ್ 13ರಂದು, ಇಂಗ್ಲೆಂಡಿನ ದಕ್ಷಿಣ ತೀರದ ಸೌತಾಂಪ್ಟನ್ ಪಟ್ಟಣದ ಡೆಲ್ ಎಂಬ ಪುಟ್ಟ ಕ್ರೀಡಾಂಗಣದಲ್ಲಿ, ಆ ವರ್ಷದ ಪ್ರಶಸ್ತಿಯನ್ನು ಬಹುಮಟ್ಟಿಗೆ ಕೈಗೆಟಕಿಸಿಕೊಂಡಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಅರ್ಧಾವಧಿಯ ಹೊತ್ತಿಗೆ ಮೂರು ಗೋಲುಗಳಿಂದ ಹಿಂದೆ ಬಿದ್ದಿತ್ತು. ವಿರಾಮ ಕಳೆದು ಆಟಗಾರರು ಮೈದಾನಕ್ಕೆ ಮರಳಿದಾಗ ಪ್ರೇಕ್ಷಕರು ಬೆರಗಾದರು. ಮೊದಲರ್ಧದಲ್ಲಿ ತೊಟ್ಟಿದ್ದ ಬೂದುಬಣ್ಣದ ಅಂಗಿಗಳು ಹೋಗಿ ನೀಲಿ ಬಿಳಿ ಪಟ್ಟೆಯ ಅಂಗಿಗಳು ಬಂದಿದ್ದವು. ಆ ಹೊಸ ವೇಷದಲ್ಲಿ ಒಂದು ಗೋಲು ಮರಳಿ ಬಂದಿತಾದರೂ ಪಂದ್ಯ 3–1ರಿಂದ ಕೈಬಿಟ್ಟಿತು. ಬೂದು ಅಂಗಿಯವರು ಜನಸಂದಣಿಯ ಹಿನ್ನೆಲೆಯಲ್ಲಿ ಕರಗಿಹೋಗಿ ಒಬ್ಬರನ್ನೊಬ್ಬರು ಕಾಣಲಾರದೆ ಹೋದರೆಂಬುದು ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ನರು ಕೊಟ್ಟ ಕಾರಣ. ಆ ಅಂಗಿಯನ್ನು ತಂಡವು ಮತ್ತೆಂದೂ ಧರಿಸಲಿಲ್ಲ.

ಈ ಪ್ರಸಂಗವನ್ನು ಫುಟ್‌ಬಾಲ್ ಬಲ್ಲವರು ಇಂದಿಗೂ ನಗುತ್ತ ಹೇಳುತ್ತಾರೆ. ನನಗೆ ಮಾತ್ರ ಅದನ್ನು ನೆನೆದಾಗಲೆಲ್ಲ ನಗುವಿಗಿಂತ ಹೆಚ್ಚಾಗಿ ಒಂದು ಬಗೆಯ ಕುತೂಹಲಮಿಶ್ರಿತ ಅನುಕಂಪ ಮೂಡುತ್ತದೆ. ಆ ವರ್ಷ ಲೀಗ್ ಪ್ರಶಸ್ತಿ, ಎಫ್‌ಎ ಕಪ್ಪು ಎರಡನ್ನೂ ಗೆದ್ದ ಮನುಷ್ಯ, ತನ್ನ ಕಾಲದ ಅತ್ಯಂತ ತೀಕ್ಷ್ಣಮತಿಗಳಲ್ಲಿ ಒಬ್ಬ, ಸೋಲಿನ ಎದುರಿಗೆ ನಿಂತಾಗ ಬಟ್ಟೆಯ ಬಣ್ಣದಲ್ಲಿ ಕಾರಣವನ್ನು ಹುಡುಕುವಷ್ಟು ವ್ಯಾಕುಲನಾದನಲ್ಲ ಎಂಬುದೇ ನನ್ನ ಕುತೂಹಲದ ವಿಷಯ. ಈ ವ್ಯಾಕುಲತೆ ಅವರೊಬ್ಬರದೇ ಅಲ್ಲ. 1966ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ದಟ್ಟ ಮಂಜಿನಲ್ಲಿ ಅಯಾಕ್ಸ್ ತಂಡದಿಂದ ಲಿವರ್‌ಪೂಲು 5–1ರ ಪೆಟ್ಟು ತಿಂದಾಗ ಬಿಲ್ ಶ್ಯಾಂಕ್ಲಿಯವರು ಎದುರಾಳಿಯ ಮೇಲ್ಮೆಯನ್ನು ಒಪ್ಪದೆ, ತಮ್ಮೂರಿನ ಮರುಪಂದ್ಯದಲ್ಲಿ ಎಲ್ಲವನ್ನೂ ತಿರುಗಿಸುವೆವೆಂದು ಸಾರಿದರು. ಮರುಪಂದ್ಯ 2–2ರಲ್ಲಿ ಮುಗಿಯಿತು. 2019ರ ಮಾರ್ಚಿನಲ್ಲಿ ಎವರ್ಟನ್ ವಿರುದ್ಧ ಗೋಲಿಲ್ಲದೆ ಆಟ ಮುಗಿದಾಗ ಲಿವರ್‌ಪೂಲಿನ ಯುರ್ಗೆನ್ ಕ್ಲಾಪ್ ಗಾಳಿಯನ್ನು ದೂರಿದರು. 2025ರ ಜನವರಿಯಲ್ಲಿ ನ್ಯೂಕ್ಯಾಸಲ್ಲಿಗೆ ಎರಡು ಗೋಲುಗಳಿಂದ ಸೋತಾಗ ಆರ್ಸೆನಲ್ಲಿನ ಮಿಕೆಲ್ ಆರ್ಟೆಟಾ, ಲೀಗ್ ಕಪ್ಪಿನ ಚೆಂಡು ಬೇರೆ ತರಹದ್ದು, ಅದು ಹಾರುವ ರೀತಿಯೇ ಬೇರೆ ಎಂದರು. ಮಂಜು, ಗಾಳಿ, ಚೆಂಡು, ಅಂಗಿ — ಪಂಚಭೂತಗಳಲ್ಲಿ ಯಾವುದನ್ನೂ ಈ ಮಹನೀಯರು ಬಿಟ್ಟಂತಿಲ್ಲ.

ಹಾಗಾದರೆ ಇವರು ಸೋಲನ್ನು ಸೈರಿಸಲಾರದವರೇ ಎಂದು ಯಾರಾದರೂ ಕೇಳಿದರೆ, ಹೌದು ಎಂದು ನಾನು ತಡವಿಲ್ಲದೆ ಹೇಳಿಬಿಡುವೆನು. ಹಾಗೆ ಹೇಳುವುದರಿಂದ ಅವರನ್ನು ಕೀಳುಗಳೆದಂತಾಯಿತೆಂದು ಮಾತ್ರ ನಾನು ಭಾವಿಸುವುದಿಲ್ಲ. ಸೋಲನ್ನು ಸಲೀಸಾಗಿ ಜೀರ್ಣಿಸಿಕೊಳ್ಳಬಲ್ಲವನು ಇಪ್ಪತ್ತಾರು ವರ್ಷಕಾಲ ಒಂದೇ ತಂಡವನ್ನು ನಡೆಸಿ ಮೂವತ್ತೆಂಟು ಪ್ರಶಸ್ತಿಗಳನ್ನು ಸಂಪಾದಿಸಲಾರನು. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಆ ಸಿಡುಕು ಯಾರ ಮೇಲೆ ಬೀಳುತ್ತದೆ, ಬಿದ್ದವನಿಗೆ ಅದನ್ನು ತಡೆಯುವ ಬಲವಿದೆಯೇ ಎಂಬುದು.

ಮೊದಲು ಆ ಸ್ಥಾನದ ಸ್ವರೂಪವನ್ನು ಸ್ವಲ್ಪ ಆಲೋಚಿಸಬೇಕು. ಆಟಗಾರನಿಗೆ ಸೋಲಿನ ಸಂಕಟವನ್ನು ಕಾಲಿನಿಂದ ಹೊರಹಾಕುವ ದಾರಿಯಿದೆ. ಅವನು ಇನ್ನೊಂದು ಓಟ ಓಡಬಹುದು, ಇನ್ನೊಮ್ಮೆ ಚೆಂಡಿಗೆ ಹಾತೊರೆಯಬಹುದು. ಮ್ಯಾನೇಜರಿಗೆ ಗೆರೆಯಾಚೆಗೆ ಸುಣ್ಣದಲ್ಲಿ ಎಳೆದ ಒಂದು ಚೌಕವಿದೆ, ಅಷ್ಟೆ. ವಾರವೆಲ್ಲ ಅವನು ಯೋಚಿಸಿದ್ದು, ಕಲಿಸಿದ್ದು, ಗದರಿದ್ದು, ಬೇಡಿಕೊಂಡಿದ್ದು ಎಲ್ಲವೂ ಹನ್ನೊಂದು ಜನರ ಕಾಲುಗಳಿಗೆ ಒಪ್ಪಿಸಲ್ಪಟ್ಟ ಮೇಲೆ, ಆ ತೊಂಬತ್ತು ನಿಮಿಷ ಅವನು ಕೂಗಬಲ್ಲನೇ ಹೊರತು ಆಡಲಾರನು. ಫಲದ ಹೊಣೆ ಮಾತ್ರ ಅವನದೇ, ನಾಲ್ಕು ಪಂದ್ಯ ಸೋತರೆ ಕೆಲಸ ಹೋಗುವುದೂ ಮೊದಲು ಅವನದೇ. ನಮ್ಮ ಪುರಾಣದಲ್ಲಿ ಈ ಸ್ಥಿತಿಯನ್ನು ಅನುಭವಿಸಿದವನೊಬ್ಬನಿದ್ದಾನೆ. ತೀರ್ಥಯಾತ್ರೆಯಿಂದ ಮರಳಿ ಬಂದ ಬಲರಾಮನು ತನ್ನ ಶಿಷ್ಯರಿಬ್ಬರ ಗದಾಯುದ್ಧವನ್ನು ನೋಡುತ್ತ ಕುಳಿತಿರುವಾಗ, ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮುರಿದು ಭೀಮನು ದುರ್ಯೋಧನನ ತೊಡೆಯನ್ನು ಒಡೆದನು. ಗುರುವು ಕಣ್ಣು ಕೆಂಪಾಗಿ ನೇಗಿಲನ್ನೆತ್ತಿಕೊಂಡು ಭೀಮನ ಮೇಲೆ ಏರಿಹೋದನು. ಕೃಷ್ಣನು ತಬ್ಬಿ ಹಿಡಿದು ತಡೆಯದಿದ್ದರೆ ಆ ದಿನ ಏನಾಗುತ್ತಿತ್ತೋ ಹೇಳಲಾಗದು. ಕೃಷ್ಣನ ಸಮಾಧಾನದ ಮಾತುಗಳಿಂದ ಅವನ ಮನಸ್ಸು ತಿಳಿಯಾಗಲಿಲ್ಲ; ಅಧರ್ಮವೆಂದು ಸಾರಿ ರಥವನ್ನೇರಿ ದ್ವಾರಕೆಗೆ ಹೊರಟುಹೋದನು. ಈ ಕೋಪವನ್ನು ನಮ್ಮವರು ಕ್ಷುದ್ರವೆಂದು ಎಣಿಸಲಿಲ್ಲ. ರನ್ನನಂಥ ಮಹಾಕವಿಯು ಗದಾಯುದ್ಧವನ್ನು ಬರೆಯಹೊರಟು, ಗೆದ್ದ ಭೀಮನನ್ನು ನಾಯಕನೆಂದು ಕರೆದೂ, ಸೋತ ದುರ್ಯೋಧನನ ಛಲಕ್ಕೆ ತನ್ನ ವಾಣಿಯ ಅತ್ಯುತ್ತಮ ಭಾಗವನ್ನು ಧಾರೆಯೆರೆದನು. ಸೋತೂ ಬಾಗದವನಲ್ಲಿ ಕನ್ನಡಿಗನಿಗೆ ಒಂದು ಗೌರವ ಮೊದಲಿನಿಂದಲೂ ಇದೆ.

ಇದರ ಮೇಲೆ ಈ ಕಾಲದ ದೂರದರ್ಶನವು ಮತ್ತೊಂದು ಹಿಂಸೆಯನ್ನು ಸೇರಿಸಿದೆ. ಪ್ರಸಾರದ ಹಕ್ಕಿಗೆ ಅಪಾರ ಹಣ ತೆತ್ತ ಕಂಪನಿಗಳಿಗೆ ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಮ್ಯಾನೇಜರು ಮುಖ ಕೊಡಲೇಬೇಕೆಂಬುದು ಒಪ್ಪಂದದ ಮಾತು. ಕೊಯ್ಲಿಗೆ ಬಂದ ಪೈರಿನ ಮೇಲೆ ಆಲಿಕಲ್ಲು ಸುರಿದು ನಿಂತ ಕ್ಷಣದಲ್ಲಿಯೇ ರೈತನನ್ನು ಬದುವಿನ ಮೇಲೆ ನಿಲ್ಲಿಸಿ, ನಿಮ್ಮ ಬಿತ್ತನೆಯಲ್ಲಿ ಏನು ತಪ್ಪಾಯಿತೆಂದು ಕೇಳಿದಂತೆ ಇದು. ಜಾಹೀರಾತುಗಳ ಹಲಗೆಯ ಮುಂದೆ, ಬೆವರಾರದ ಮುಖಕ್ಕೆ ದೀಪ ಹಿಡಿದು, ಪ್ರಶ್ನೆ ಕೇಳುವವನಿಗೆ ಬೇಕಾದದ್ದು ಉತ್ತರವೂ ಅಲ್ಲ, ಒಂದು ಒಡಕು ಮಾತು. ಅದು ಸಿಕ್ಕಿದರೆ ವಾರವಿಡೀ ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಬಹುದು. 2018ರ ಆಗಸ್ಟಿನಲ್ಲಿ ತವರಿನಲ್ಲಿಯೇ ಟಾಟನ್‌ಹ್ಯಾಮಿಗೆ 3–0ಯಿಂದ ಸೋತ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಆಗಿನ ಮ್ಯಾನೇಜರ್ ಜೋಸೆ ಮೊರಿನ್ಯೊ ಪತ್ರಿಕಾಗೋಷ್ಠಿಯಲ್ಲಿ ಮೂರು ಬೆರಳೆತ್ತಿ, ಈ ಮೂರು ಗೋಲುಗಳ ಸಂಖ್ಯೆಯೇ ನಾನು ಗೆದ್ದ ಪ್ರೀಮಿಯರ್ ಲೀಗುಗಳ ಸಂಖ್ಯೆಯೂ ಹೌದೆಂದು ಹೇಳಿ, ಗೌರವ ಕೊಡಿರೆಂದು ಮತ್ತೆ ಮತ್ತೆ ನುಡಿದು ಎದ್ದುಹೋದರು. ಆರು ವರ್ಷಗಳ ತರುವಾಯ, 2024ರ ಡಿಸೆಂಬರ್ 1ರಂದು, ಆನ್‌ಫೀಲ್ಡಿನಲ್ಲಿ 2–0ಯಿಂದ ಸೋಲುತ್ತಿದ್ದ ಮ್ಯಾಂಚೆಸ್ಟರ್ ಸಿಟಿಯ ಪೆಪ್ ಗ್ವಾರ್ಡಿಯೋಲರು, ನಾಳೆ ನಿನ್ನ ಕೆಲಸ ಹೋಯಿತೆಂದು ಹಾಡುತ್ತಿದ್ದ ಲಿವರ್‌ಪೂಲಿನ ಜನಕ್ಕೆ ಆರು ಬೆರಳುಗಳನ್ನು ತೋರಿಸಿದರು. ಅದುವರೆಗೆ ಅವರು ಗೆದ್ದಿದ್ದ ಪ್ರೀಮಿಯರ್ ಲೀಗುಗಳು ಆರು. ಒಬ್ಬರಿಗೊಬ್ಬರು ಬದ್ಧವಿರೋಧಿಗಳೆಂದು ಹೆಸರಾದ ಈ ಇಬ್ಬರೂ ನೋವಿನ ಗಳಿಗೆಯಲ್ಲಿ ಒಂದೇ ಸಂಜ್ಞೆಗೆ ಶರಣಾದರು. ಅಪಮಾನಿತನಾದವನು ತನ್ನ ಹಳೆಯ ಸಂಪತ್ತನ್ನು ಎಣಿಸಿ ನೋಡಿಕೊಳ್ಳುವುದು ಮನುಷ್ಯಸಹಜ. ಇದರಿಂದ ಯಾರಿಗೂ ಕೇಡಾಗಲಿಲ್ಲ. ಇಂಥವನ್ನು ನಾನು ದೋಷವೆಂದು ಕರೆಯಲಾರೆ.

ಫರ್ಗ್ಯುಸನ್ನರ ವಿಷಯ ಇಷ್ಟು ಸರಳವಲ್ಲ. ಅವರ ಸಿಡುಕಿಗೆ ಸೋಲೇ ಬೇಕೆಂದಿರಲಿಲ್ಲ. 1983ರ ಮೇ ತಿಂಗಳಿನಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ತಂಡವನ್ನು ಕಟ್ಟಿ, ಗೋಟೆನ್‌ಬರ್ಗಿನ ಯೂರೋಪಿಯನ್ ಫೈನಲಿನಲ್ಲಿ ರಿಯಲ್ ಮ್ಯಾಡ್ರಿಡನ್ನೇ ಮಣಿಸಿ, ಹತ್ತು ದಿನಗಳಲ್ಲಿ ಸ್ಕಾಟಿಷ್ ಕಪ್ ಫೈನಲಿನಲ್ಲಿ ರೇಂಜರ್ಸನ್ನೂ 1–0ಯಿಂದ ಸೋಲಿಸಿದ ಮೇಲೆ, ಕಪ್ಪು ಕೈಯಲ್ಲಿರುವಾಗಲೇ ಅವರು ದೂರದರ್ಶನದ ಮುಂದೆ ತಮ್ಮ ಹುಡುಗರ ಆಟ ನಾಚಿಕೆಗೇಡೆಂದು ಜರೆದುಬಿಟ್ಟರು. ಮರುದಿನ ಆಟಗಾರರ ಕ್ಷಮೆ ಕೇಳಿದರು. ಗೆದ್ದಾಗಲೂ ಸೋತಂತೆ ಉರಿಯಬಲ್ಲ ಮನಸ್ಸು ಅದು. 2003ರ ಫೆಬ್ರವರಿಯಲ್ಲಿ ಆರ್ಸೆನಲ್ಲಿಗೆ ಕಪ್ ಪಂದ್ಯ ಸೋತ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಅವರು ಒದ್ದ ಬೂಟೊಂದು ಡೇವಿಡ್ ಬೆಕಮನ ಹುಬ್ಬಿಗೆ ಬಡಿದು ರಕ್ತ ಬಂತು. ಆ ವರ್ಷವೇ ಬೆಕಮ್ ತಂಡವನ್ನು ಬಿಟ್ಟು ಸ್ಪೇನಿಗೆ ನಡೆದನು. 2009ರಲ್ಲಿ ಸಂಡರ್‌ಲ್ಯಾಂಡಿನೊಡನೆ 2–2 ಆದಾಗ ರೆಫರಿ ಅಲನ್ ವೈಲಿಯ ದೇಹದಾರ್ಢ್ಯವನ್ನೇ ಆಕ್ಷೇಪಿಸಿ ದಂಡ ತೆತ್ತರು, ನಿಷೇಧವನ್ನೂ ಅನುಭವಿಸಿದರು. ಆದರೆ ಇದೇ ಮನುಷ್ಯನ ಒಂದು ನಿಷ್ಠೆ ಪ್ರಸಿದ್ಧವಾದುದು: ಬಾಗಿಲ ಒಳಗೆ ಎಷ್ಟೇ ಗರ್ಜಿಸಿದರೂ ಮ್ಯಾಂಚೆಸ್ಟರಿನ ವರ್ಷಗಳಲ್ಲಿ ಬಾಗಿಲ ಹೊರಗೆ ತಮ್ಮ ಆಟಗಾರನನ್ನು ಬಿಟ್ಟುಕೊಡುವುದು ಅಪರೂಪ. ಹೊರಗಿನವರ ಕಣ್ಣು ಸೋತ ಹುಡುಗನ ಮೇಲೆ ಬೀಳದಂತೆ ರೆಫರಿಯ ಮೇಲೋ, ಗಡಿಯಾರದ ಮೇಲೋ, ಬೂದು ಅಂಗಿಯ ಮೇಲೋ ತಿರುಗಿಸುವುದು ಅವರ ಕ್ರಮವಾಗಿತ್ತು. ಸೌತಾಂಪ್ಟನ್ನಿನ ಅಂಗಿಯ ಕಥೆಯನ್ನು ಈ ಬೆಳಕಿನಲ್ಲಿ ನೋಡಿದಾಗ ಅದರ ಅರ್ಥವೇ ಮಾರ್ಪಡುತ್ತದೆ. ಅಂಗಿಗೆ ಅಪಮಾನವಿಲ್ಲ, ಅದರ ಒಳಗಿದ್ದ ಹುಡುಗನಿಗೆ ಇದೆ.

ಅದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದ ಸಂಗತಿ 2004ರ ಮಾರ್ಚ್ 9ರ ರಾತ್ರಿಯದು. ಪೋರ್ಚುಗಲ್ಲಿನ ಪೋರ್ಟೊ ತಂಡವು ಯುನೈಟೆಡ್ಡಿನ ತವರಾದ ಓಲ್ಡ್ ಟ್ರಾಫರ್ಡಿಗೆ ಬಂದಿತ್ತು. ಪಾಲ್ ಸ್ಕೋಲ್ಸ್ ಹೊಡೆದ ಎರಡನೆಯ ಗೋಲು ಸರ್ವಥಾ ನ್ಯಾಯವಾಗಿದ್ದರೂ ಆಫ್‌ಸೈಡೆಂದು ಬಾವುಟ ಏರಿತು. ಕೊನೆಯ ನಿಮಿಷದಲ್ಲಿ ಕೋಸ್ಟಿನ್ಯ ಗೋಲು ಹೊಡೆದು ಯುನೈಟೆಡ್ಡನ್ನು ಸ್ಪರ್ಧೆಯಿಂದಲೇ ಹೊರದೂಡಿದನು. ಆಗ ಪೋರ್ಟೊ ತಂಡದ ಮ್ಯಾನೇಜರಾಗಿದ್ದ ಮೊರಿನ್ಯೊ ಗೆರೆಯುದ್ದಕ್ಕೂ ಓಡಿ ಕುಣಿದಾಡಿದ್ದನ್ನು ಜಗತ್ತು ಕಂಡಿದೆ. ದೂರಲು ಸತ್ಯವಾದ ಕಾರಣವಿದ್ದ ಆ ರಾತ್ರಿಯೇ ಫರ್ಗ್ಯುಸನ್ನರು ತಮ್ಮ ಆಟಗಾರ ಗ್ಯಾರಿ ನೆವಿಲನನ್ನು ಕೂಡಿಕೊಂಡು ಪೋರ್ಟೊ ತಂಡದ ಕೋಣೆಯ ಬಾಗಿಲಿಗೆ ನಡೆದುಹೋಗಿ ಎಲ್ಲರನ್ನೂ ಅಭಿನಂದಿಸಿದರೆಂದು ಮೊರಿನ್ಯೊ ಅವರೇ ಹಲವು ಬಾರಿ ಹೇಳಿದ್ದಾರೆ. ಹೊರಗೆ ಸಿಡುಕುವ ಮನುಷ್ಯ ಕ್ಯಾಮೆರಾ ಇಲ್ಲದೆಡೆಯಲ್ಲಿ ಹೇಗಿದ್ದನೆಂಬುದನ್ನು ತಿಳಿಯದೆ ಅವನ ಬಗ್ಗೆ ತೀರ್ಪು ಕೊಡುವುದು ಸಾಧುವಲ್ಲವೆಂದು ಆ ಕಥೆಯನ್ನು ಕೇಳಿದಂದಿನಿಂದ ನನಗೆ ತೋರಿದೆ.

ಆರ್ಸೆನ್ ವೆಂಗರ್ ಅವರನ್ನು ನಾನು ವಿಶೇಷ ಪ್ರೀತಿಯಿಂದ ನೆನೆಯುವೆನು. ಎತ್ತರದ, ತೆಳ್ಳನೆಯ, ಅರ್ಥಶಾಸ್ತ್ರದ ಪದವೀಧರರಾದ ಈ ಫ್ರೆಂಚ್ ಗೃಹಸ್ಥರು ಮಾತಿನಲ್ಲಿ ಎಷ್ಟು ನಯವೋ ಸೋಲಿನಲ್ಲಿ ಅಷ್ಟು ಅಸಹನೆಯವರು. ಒಂದು ಇಡೀ ಲೀಗ್ ಋತುವನ್ನು ಸೋಲಿಲ್ಲದೆ ದಾಟಿಸಿ, ನಲವತ್ತೊಂಬತ್ತು ಲೀಗ್ ಪಂದ್ಯಗಳ ಅಜೇಯ ಸರಪಣಿಯನ್ನು ಹೆಣೆದಿದ್ದ ಅವರ ಆರ್ಸೆನಲ್ ತಂಡವು, 2004ರ ಅಕ್ಟೋಬರ್ 24ರಂದು ಓಲ್ಡ್ ಟ್ರಾಫರ್ಡಿನಲ್ಲಿ ಮೈಕ್ ರೈಲಿ ಎಂಬ ರೆಫರಿ ಕೊಟ್ಟ ಒಂದು ವಿವಾದಾಸ್ಪದ ಪೆನಾಲ್ಟಿಯಿಂದ ಮುಗ್ಗರಿಸಿ 2–0ಯಿಂದ ಸೋತಿತು. ಪಂದ್ಯದ ತರುವಾಯ ಒಳದಾರಿಯಲ್ಲಿ ನಡೆದ ಗದ್ದಲದಲ್ಲಿ ಪಿಜ್ಜಾದ ತುಂಡೊಂದು ಹಾರಿಬಂದು ಫರ್ಗ್ಯುಸನ್ನರಿಗೆ ತಗುಲಿತು. ಎಸೆದವನು ಆಗ ಹದಿನೇಳರ ಬಾಲಕನಾಗಿದ್ದ ಸೆಸ್ಕ್ ಫಾಬ್ರೆಗಸ್ ಎಂಬುದನ್ನು ಲೋಕ ಅವನ ಬಾಯಿಂದಲೇ ಕೇಳಲು ಹದಿಮೂರು ವರ್ಷ ಹಿಡಿಯಿತು. ಎದುರಾಳಿ ವಾನ್ ನಿಸ್ಟೆಲ್‌ರಾಯನನ್ನು ಮೋಸಗಾರನೆಂದು ಕರೆದುದಕ್ಕಾಗಿ ವೆಂಗರರು 15,000 ಪೌಂಡು ದಂಡ ಕೊಟ್ಟರು. ಸೋತ ದಿನ ಎದುರಾಳಿಗೆ ಕೈಕುಲುಕದೆ ನಡೆದುಬಿಟ್ಟದ್ದೂ ಉಂಟು. 2009ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾರ್ಕ್ ಹ್ಯೂಸರೊಡನೆ ಹಾಗಾಯಿತು.

ಇಷ್ಟನ್ನೇ ಹೇಳಿ ನಿಲ್ಲಿಸುವವರು ಅವರಿಗೆ ಅನ್ಯಾಯ ಮಾಡುತ್ತಾರೆ. 1999ರ ಫೆಬ್ರವರಿ 13ರಂದು ಎದುರಾಳಿ ಶೆಫೀಲ್ಡ್ ಯುನೈಟೆಡ್ ತಂಡದ ಆಟಗಾರನೊಬ್ಬ ಗಾಯಗೊಂಡು ಬಿದ್ದಾಗ ಆ ತಂಡದ ಗೋಲ್‌ಕೀಪರು ಚೆಂಡನ್ನು ಬೇಕೆಂದೇ ಹೊರಗೆ ಒದ್ದನು. ಇಂಥ ಚೆಂಡನ್ನು ಮರಳಿ ಅವರಿಗೇ ಕೊಡುವುದು ಆಟದ ಸಂಪ್ರದಾಯ. ಆರ್ಸೆನಲ್ಲಿಗೆ ಅಂದೇ ಮೊದಲು ಆಡುತ್ತಿದ್ದ ಕಾನು ಅದನ್ನು ಅರಿಯದೆ ಮುನ್ನುಗ್ಗಿ ಚೆಂಡನ್ನು ಒಳಗೆ ಹಾಯಿಸಿದನು, ಓವರ್‌ಮಾರ್ಸ್ ಗೋಲು ಹೊಡೆದನು, ಆರ್ಸೆನಲ್ 2–1ರಿಂದ ಗೆದ್ದಿತು. ಶೆಫೀಲ್ಡಿನ ಮ್ಯಾನೇಜರ್ ಸ್ಟೀವ್ ಬ್ರೂಸ್ ಕ್ರುದ್ಧರಾಗಿ ತಮ್ಮವರನ್ನು ಮೈದಾನದಿಂದಲೇ ಕರೆದುಕೊಳ್ಳಹೊರಟಿದ್ದರು. ನಿಯಮದಂತೆ ಗೋಲು ಸಿಂಧುವಾಗಿತ್ತು. ಆರ್ಸೆನಲ್ಲಿನ ಗೆಲುವನ್ನು ಯಾವ ಅಧಿಕಾರಿಯೂ ಕಸಿಯುವಂತಿರಲಿಲ್ಲ. ವೆಂಗರ್ ತಾವಾಗಿಯೇ ಆ ಗೆಲುವು ತಮಗೆ ಬೇಡವೆಂದರು, ಪಂದ್ಯವನ್ನು ಮರಳಿ ಆಡೋಣವೆಂದರು. ಹತ್ತು ದಿನಗಳ ಮೇಲೆ ಮತ್ತೆ ಆಡಿ ಮತ್ತೆ 2–1ರಿಂದ ಗೆದ್ದರು. ಅನ್ಯಾಯದ ಗೆಲುವನ್ನು ಹೊರಲಾರದವನೂ ಅನ್ಯಾಯವೆಂದು ತನಗೆ ತೋರಿದ ಸೋಲನ್ನು ಹೊರಲಾರದವನೂ ಒಬ್ಬನೇ ಎಂಬುದು ನನಗೆ ಇಲ್ಲಿ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅವರ ಸಿಡುಕನ್ನು ಕಿತ್ತುಹಾಕಿದರೆ ಆ ಉದಾರತೆಯ ಬೇರೂ ಅದರೊಡನೆ ಕಿತ್ತುಬರುವುದೆಂದು ನನ್ನ ನಂಬಿಕೆ.

ಆದರೆ ಸಹಿಸಲಾಗದ ಒಂದು ಗಡಿಯಿದೆ, ಅದನ್ನು ದಾಟಿದವರನ್ನು ಪ್ರತಿಭೆಯ ಹೆಸರಿನಲ್ಲಿ ಕ್ಷಮಿಸುವುದು ನನ್ನಿಂದಾಗದು. 2005ರ ಫೆಬ್ರವರಿಯಲ್ಲಿ ಬಾರ್ಸಿಲೋನಾದಲ್ಲಿ ಚೆಲ್ಸಿ ತಂಡವು 2–1ರಿಂದ ಸೋತಾಗ, ಎದುರಾಳಿ ತರಬೇತುದಾರ ರೈಕಾರ್ಡ್ ವಿರಾಮದಲ್ಲಿ ರೆಫರಿಯ ಕೋಣೆಗೆ ಹೋಗಿದ್ದನೆಂದು ಆಗ ಚೆಲ್ಸಿಯ ಮ್ಯಾನೇಜರಾಗಿದ್ದ ಮೊರಿನ್ಯೊ ಆಪಾದಿಸಿದರು. ರೆಫರಿ ಸ್ವೀಡನ್ನಿನ ಆಂಡರ್ಸ್ ಫ್ರಿಸ್ಕ್. ಮುಂದಿನ ದಿನಗಳಲ್ಲಿ ಆತನಿಗೂ ಮನೆಯವರಿಗೂ ಪ್ರಾಣಬೆದರಿಕೆಗಳು ಬಂದವು. ಯೂರೋಪಿನ ಶ್ರೇಷ್ಠ ರೆಫರಿಗಳಲ್ಲೊಬ್ಬನೆನಿಸಿದ್ದ ಆತ ಮಾರ್ಚ್ ತಿಂಗಳಿನಲ್ಲಿ ಶಿಳ್ಳೆಯನ್ನು ಕೆಳಗಿಟ್ಟು ಆಟದಿಂದಲೇ ದೂರವಾದನು. ಮೊರಿನ್ಯೊ ಅವರಿಗೆ ಎರಡು ಪಂದ್ಯಗಳ ನಿಷೇಧವಾಯಿತು. ಎರಡು ಪಂದ್ಯ ಒಂದು ಕಡೆ, ಒಬ್ಬ ಮನುಷ್ಯನ ವೃತ್ತಿಜೀವನ ಇನ್ನೊಂದು ಕಡೆ. ಹದಿನೆಂಟು ವರ್ಷಗಳಾದ ಮೇಲೆ, 2023ರ ಮೇ 31ರಂದು ಬುಡಾಪೆಸ್ಟಿನಲ್ಲಿ, ಅವರ ರೋಮಾ ತಂಡವು ಯೂರೋಪಾ ಲೀಗ್ ಫೈನಲಿನಲ್ಲಿ ಸೆವಿಯ್ಯಾಗೆ ಪೆನಾಲ್ಟಿಗಳಲ್ಲಿ ಸೋತಿತು. ಅಲ್ಲಿಯವರೆಗೆ ಆಡಿದ ಐದು ಯೂರೋಪಿಯನ್ ಫೈನಲುಗಳನ್ನೂ ಗೆದ್ದಿದ್ದವರಿಗೆ ಅದು ಮೊದಲ ಸೋಲು. ಕೊರಳ ಬೆಳ್ಳಿಯ ಪದಕವನ್ನು ಅವರು ಪ್ರೇಕ್ಷಕರ ನಡುವಿನ ಒಬ್ಬ ಬಾಲಕನಿಗೆ ಎಸೆದುಕೊಟ್ಟರು. ಅದನ್ನು ಅಹಂಕಾರವೆಂದು ಕೆಲವರು ಹಳಿದರು; ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ, ಹುಡುಗನಿಗೆ ಒಂದು ನಿಧಿ ಸಿಕ್ಕಿತು. ತಪ್ಪು ನಡೆದದ್ದು ಅನಂತರ, ವಾಹನಗಳು ನಿಲ್ಲುವ ತಾಣದಲ್ಲಿ. ಅಲ್ಲಿ ರೆಫರಿ ಆಂಟನಿ ಟೇಲರನನ್ನು ಎದುರುಗೊಂಡು ಅವರು ಬೈದರು. ಮರುದಿನ ವಿಮಾನನಿಲ್ದಾಣದಲ್ಲಿ, ಮನೆಯವರೊಡನೆ ಊರಿಗೆ ಹೊರಟಿದ್ದ ಟೇಲರನನ್ನು ರೋಮಾದ ಅಭಿಮಾನಿಗಳು ಮುತ್ತಿ ಕೂಗಾಡಿದರು. ಕುರ್ಚಿಯೊಂದು ಗಾಳಿಯಲ್ಲಿ ಹಾರಿತು. ಆ ಕುರ್ಚಿಯನ್ನು ಮೊರಿನ್ಯೊ ಎಸೆಯಲಿಲ್ಲ, ನಿಜ. ಬಲರಾಮನ ನೇಗಿಲು ಏರಿದ್ದು ಮಹಾಬಲನಾದ ಭೀಮನ ಮೇಲೆ. ಹಿಂದೆ ಸೈನ್ಯವಿಲ್ಲದ, ಕೈಯಲ್ಲಿ ಶಿಳ್ಳೆಯೊಂದನ್ನುಳಿದು ಏನೂ ಇಲ್ಲದ ಒಬ್ಬನ ಕಡೆಗೆ ಲಕ್ಷಾಂತರ ಜನರ ದ್ವೇಷವನ್ನು ತಿರುಗಿಸಬಲ್ಲ ಬೆರಳಿಗೆ, ಆ ಶಕ್ತಿ ತನಗಿದೆಯೆಂಬ ಅರಿವು ಇರಲೇಬೇಕು.

ನಮ್ಮ ಬೆಂಗಳೂರು ಕೂಡ ಇಂಥದೊಂದನ್ನು ಕಂಡಿದೆ. ಅದೇ ವರ್ಷದ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸಿಗೂ ಇಂಡಿಯನ್ ಸೂಪರ್ ಲೀಗಿನ ಪ್ಲೇಆಫ್ ಪಂದ್ಯ ನಡೆದು, ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿಯು ಎದುರಾಳಿಗಳು ಗೋಡೆ ಕಟ್ಟುವುದಕ್ಕೆ ಮೊದಲೇ ಫ್ರೀಕಿಕ್ಕನ್ನು ಗೋಲಿಗೆ ಸೇರಿಸಿದನು. ರೆಫರಿ ಅದನ್ನು ಮಾನ್ಯ ಮಾಡಿದರು. ಕೇರಳದ ಸೆರ್ಬಿಯನ್ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದುಕೊಂಡರು, ಅವರು ಮರಳಲಿಲ್ಲ. ಸ್ಟೀವ್ ಬ್ರೂಸ್ ಮಾಡಹೊರಟು ನಿಲ್ಲಿಸಿದ್ದನ್ನು ಇವರು ಪೂರೈಸಿದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ ಹತ್ತು ಪಂದ್ಯಗಳ ನಿಷೇಧವನ್ನೂ ವಿಧಿಸಿತು. ಆ ಗೋಲಿನ ನ್ಯಾಯಾನ್ಯಾಯವನ್ನು ಕುರಿತು ಇಂದಿಗೂ ಎರಡು ರಾಜ್ಯದವರು ವಾದಿಸುತ್ತಾರೆ. ನನಗೆ ಮರುಕವೆನಿಸುವುದು ಆ ಆಟಗಾರರ ಬಗ್ಗೆ: ಪಂದ್ಯದಲ್ಲಿ ಇನ್ನೂ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳಿದ್ದವು, ಒಂದು ಗೋಲನ್ನು ಮರಳಿಸುವುದು ಅಸಾಧ್ಯವೇನಾಗಿರಲಿಲ್ಲ, ಗುರುವಿನ ಕೋಪವು ಶಿಷ್ಯರ ಕೈಯಿಂದ ಆ ನಿಮಿಷಗಳನ್ನು ಕಿತ್ತುಕೊಂಡಿತು.

ಶಾಂತವಾಗಿ ಸೋತವರೂ ಇಲ್ಲದಿಲ್ಲ. 2005ರ ಇಸ್ತಾಂಬುಲಿನಲ್ಲಿ ಅರ್ಧಾವಧಿಗೆ 3–0 ಮುಂದಿದ್ದು ಲಿವರ್‌ಪೂಲಿಗೆ ಸೋತ ಎ.ಸಿ. ಮಿಲಾನಿನ ಕಾರ್ಲೊ ಆಂಚೆಲೊಟ್ಟಿ ಅಂಥವರು; ಎರಡು ವರ್ಷದ ಮೇಲೆ ಆಥೆನ್ಸಿನಲ್ಲಿ ಅದೇ ಲಿವರ್‌ಪೂಲನ್ನು 2–1ರಿಂದ ಗೆದ್ದರು. ಅವರ ಸೌಮ್ಯತೆಯನ್ನು ನಾನು ಮೆಚ್ಚುವೆನು. ಅವರಿಗೆ ನೋವು ಕಡಿಮೆಯಾಯಿತೆಂದು ಮಾತ್ರ ನಂಬಲಾರೆ. ಗಾಳಿಯನ್ನು ದೂರಿದ ಕ್ಲಾಪರೇ 2018ರ ಕೀವ್ ಫೈನಲಿನಲ್ಲಿ, ಗೋಲ್‌ಕೀಪರ್ ಕಾರಿಯುಸನ ಎರಡು ಘೋರ ಪ್ರಮಾದಗಳಿಂದ ರಿಯಲ್ ಮ್ಯಾಡ್ರಿಡಿಗೆ 3–1ರಿಂದ ಸೋತಾಗ, ಆ ಹುಡುಗನ ಮೇಲೆ ಒಂದು ಕಟುನುಡಿಯನ್ನೂ ಆಡದೆ, ಬೆಳಗಿನ ಜಾವದಲ್ಲಿ ಅಭಿಮಾನಿಗಳ ಹೆಗಲ ಮೇಲೆ ಕೈಹಾಕಿ ಹಾಡಿದರು. ಆಗ ಗಾಳಿಯೂ ನೆನಪಾಗಲಿಲ್ಲ. ದೊಡ್ಡ ಸೋಲಿನಲ್ಲಿ ದೊಡ್ಡವರಾಗುವ ಕೆಲವರು ಸಣ್ಣ ಡ್ರಾಗಳಲ್ಲಿ ಮುನಿಯುತ್ತಾರೆ. ಮನಸ್ಸಿನ ಈ ವಿಚಿತ್ರ ಗಣಿತ ನನಗೆ ಪೂರ್ಣವಾಗಿ ಬಿಡಿಸಲಾಗಿಲ್ಲ.

ಪ್ರಸಾರದವರು ಒಂದು ಗಂಟೆ ತಾಳಬಾರದೇಕೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆ ಒಂದು ಗಂಟೆಯಲ್ಲಿ ಬಿಸಿ ಆರುತ್ತದೆ, ಘಟನೆಯನ್ನು ಮತ್ತೊಮ್ಮೆ ನೋಡಬಹುದು, ಒಬ್ಬ ರೆಫರಿಯ ಮನೆಯವರು ನೆಮ್ಮದಿಯಾಗಿ ನಿದ್ರಿಸಬಹುದು. ವ್ಯಾಪಾರಕ್ಕೆ ನಷ್ಟವಾದೀತು, ಆಗಲಿ.

2012ರ ಮೇ 13ರಂದು ಸಂಡರ್‌ಲ್ಯಾಂಡಿನಲ್ಲಿ ತಮ್ಮ ಪಂದ್ಯವನ್ನು ಗೆದ್ದು ನಿಂತಿದ್ದ ಫರ್ಗ್ಯುಸನ್ನರ ತಂಡವು, ಅತ್ತ ಮ್ಯಾಂಚೆಸ್ಟರ್ ಸಿಟಿಯ ಸೆರ್ಜಿಯೊ ಅಗ್ವೆರೊ ಹೆಚ್ಚುವರಿ ನಿಮಿಷಗಳಲ್ಲಿ ಹೊಡೆದ ಗೋಲಿನಿಂದ ಪ್ರಶಸ್ತಿಯನ್ನು ಕಳೆದುಕೊಂಡಿತು. ಇಬ್ಬರಿಗೂ 89 ಅಂಕ, ಗೋಲುಗಳ ವ್ಯತ್ಯಾಸದಲ್ಲಿ ಸಿಟಿಯದು ಎಂಟು ಹೆಚ್ಚು. ಫರ್ಗ್ಯುಸನ್ನರು ಕ್ಯಾಮೆರಾದ ಮುಂದೆ ಬಂದು ಸಿಟಿಯನ್ನು ಅಭಿನಂದಿಸಿದರು. ಸಂಡರ್‌ಲ್ಯಾಂಡಿನ ಪ್ರೇಕ್ಷಕರು ತಮ್ಮನ್ನು ಅಣಕಿಸಿ ಕುಣಿದುದನ್ನು ಮರೆಯಬೇಡಿರೆಂದು ತಮ್ಮ ಹುಡುಗರಿಗೆ ಮಾತ್ರ ಹೇಳಿದರಂತೆ. ಆ ಬೇಸಿಗೆಯಲ್ಲಿ ಅವರು ವೆಂಗರರ ತಂಡದಿಂದ ರಾಬಿನ್ ವ್ಯಾನ್ ಪರ್ಸಿಯನ್ನು ಕೊಂಡರು. ಮುಂದಿನ ಏಪ್ರಿಲ್ 22ರಂದು ಆಸ್ಟನ್ ವಿಲ್ಲಾ ವಿರುದ್ಧ ವ್ಯಾನ್ ಪರ್ಸಿ ಮೂರು ಗೋಲು ಹೊಡೆದಾಗ ಇನ್ನೂ ನಾಲ್ಕು ಪಂದ್ಯಗಳಿರುವಂತೆಯೇ ಲೀಗು ಅವರ ಪಾಲಿಗೆ ಬಂದಿತು, ಋತುವಿನ ಕೊನೆಗೆ ಸಿಟಿಗಿಂತ ಹನ್ನೊಂದು ಅಂಕ ಮುಂದೆ. ಮೇ ತಿಂಗಳಿನಲ್ಲಿ, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ನಿವೃತ್ತರಾದರು.